ದೂರಸಂಬಂಧ (ಹವಾಮಾನಶಾಸ್ತ್ರ)

ಉಷ್ಣವಲಯದ ಕಡಲಿನ ಮೇಲ್ಮೈ ತಾಪಮಾನ ಏರುಪೇರಾದಾಗ ಸಾವಿರಾರು ಕಿ.ಮೀ. ಆಚೆಯ ಮೇಲ್ಮಟ್ಟದ ಗಾಳಿಯ ದಾರಿಯೂ ವೇಗವೂ ಬದಲಾಗುವುದು ದೂರಸಂಬಂಧದ, ಅಂದರೆ ದೂರದೂರದ ಪ್ರದೇಶಗಳ ಹವಾಮಾನಗಳ ನಡುವಿನ ನಂಟಿನ, ಒಂದು ಮುಖ್ಯ ಬಗೆ. ಪೆಸಿಫಿಕ್‌ನ ಸಮಭಾಜಕದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಇದಕ್ಕೆ ಹೆಸರಾದ ನಿದರ್ಶನ.

ಆರಂಭ: ಈ ಅಧ್ಯಯನದ ಬೇರು ಭಾರತದ ಬರಗಾಲದಲ್ಲಿದೆ. 1876-78ರಲ್ಲಿ ಮಳೆ ಕೈಕೊಟ್ಟು ಮದರಾಸು ಪ್ರಾಂತ, ಮೈಸೂರು ಸಂಸ್ಥಾನಗಳಲ್ಲಿ ಲಕ್ಷಾಂತರ ಜನ ಸತ್ತರು. ಕನ್ನಡನಾಡು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತದೆ. ಮುಂಗಾರನ್ನು ಮೊದಲೇ ಅಂದಾಜಿಸಬೇಕೆಂಬ ಒತ್ತಡ ಹವಾಮಾನ ಇಲಾಖೆಯ ಮೇಲೆ ಬಿತ್ತು. 1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಣಿತಜ್ಞ ಗಿಲ್ಬರ್ಟ್ ವಾಕರ್, ಜಗತ್ತಿನ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ಗುಮಾಸ್ತರಿಂದ ಕೈಯಲ್ಲೇ ಲೆಕ್ಕ ಹಾಕಿಸಿದರು. ಪೆಸಿಫಿಕ್‌ನಲ್ಲಿ ವಾಯುಭಾರ ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತಿತ್ತು. ತಕ್ಕಡಿಯಂಥ ಈ ಏರಿಳಿತಕ್ಕೆ ಅವರು 1924ರಲ್ಲಿ 'ದಕ್ಷಿಣದ ಆಂದೋಲನ' ಎಂದು ಹೆಸರಿಟ್ಟರು. ಆದರೆ ಕಾರಣ ಸಿಗಲಿಲ್ಲ. ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ನೆಲಮಟ್ಟದ ಅಂಕಿಗಳು, ಕೊಂಡಿ ಇದ್ದದ್ದು ಮೇಲ್ಮಟ್ಟದ ಗಾಳಿಯಲ್ಲಿ.

ಕಡಲಿನಿಂದ ಗಾಳಿಗೆ: 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲೇ ದೊಡ್ಡ ಎಲ್ ನಿನೊ ಬಂತು. ಆಗ ಸಿಕ್ಕ ಮಾಹಿತಿಯ ಬಲದಿಂದ ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್ನೆಸ್ 1960ರ ದಶಕದಲ್ಲಿ ಕಡಲಿನ ಬಿಸಿಯನ್ನೂ ವಾಕರ್ ಕಂಡ ಆಂದೋಲನವನ್ನೂ ಒಂದೇ ಎಳೆಯಲ್ಲಿ ಪೋಣಿಸಿದರು. ಸಮಭಾಜಕದ ಉದ್ದಕ್ಕೂ ಪೂರ್ವ-ಪಶ್ಚಿಮವಾಗಿ ಸುತ್ತುವ ಗಾಳಿಗೆ ವಾಕರ್ ಪರಿಚಲನೆ ಎಂಬ ಹೆಸರು ಕೊಟ್ಟವರೂ ಅವರೇ.

ಬಿಸಿನೀರಿನಿಂದೆದ್ದ ಆವಿ ಮೋಡವಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಹನ್ನೆರಡು ಕಿ.ಮೀ.ಗೂ ಮೇಲೇರಿ, ಅಲ್ಲಿ ಹರಡಿಕೊಂಡು, ಧ್ರುವಗಳ ಕಡೆ ಬಾಗುವ, ರಾಸ್ಬಿ ಅಲೆಗಳೆಂಬ ಗಾಳಿಯ ದೊಡ್ಡ ಅಲೆಗಳನ್ನು ಎಬ್ಬಿಸುತ್ತದೆ. ಈ ಅಲೆಗಳ ದಾರಿಯನ್ನು 1981ರಲ್ಲಿ ಹವಾಮಾನ ವಿಜ್ಞಾನಿಗಳಾದ ಹಾಸ್ಕಿನ್ಸ್ ಮತ್ತು ಕೆರೊಲಿ ಗಣಿತದಿಂದ ವಿವರಿಸಿದರು; ಅದೇ ವರ್ಷ ಹೊರೆಲ್ ಮತ್ತು ವಾಲೇಸ್ ವೀಕ್ಷಣೆಗಳಲ್ಲಿ ಗುರುತಿಸಿದರು. ಎಲ್ ನಿನೊ ಚಳಿಗಾಲದಲ್ಲಿ ಪೆಸಿಫಿಕ್‌ನ ಜೆಟ್ ಗಾಳಿ (ಎತ್ತರದಲ್ಲಿ ಪಟ್ಟಿಯಾಗಿ ರಭಸದಿಂದ ಬೀಸುವ ಗಾಳಿ) ಪೂರ್ವಕ್ಕೆ ಚಾಚಿ, ಬಿರುಗಾಳಿಗಳನ್ನು ಕ್ಯಾಲಿಫೋರ್ನಿಯದತ್ತ ತಿರುಗಿಸುವುದು ಹೀಗೆ.

ಭಾರತದ ಮೇಲೆ: ಮುಂಗಾರಿನಲ್ಲಿ ದಕ್ಷಿಣ ಭಾರತದ ನೆತ್ತಿಯ ಮೇಲೆ, ಸುಮಾರು 14-16 ಕಿ.ಮೀ. ಎತ್ತರದಲ್ಲಿ ಬೀಸುವ ಪೂರ್ವದ ಜೆಟ್ ಗಾಳಿಯನ್ನು ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದರು. ಎಲ್ ನಿನೊ ವರ್ಷಗಳಲ್ಲಿ ಇದು ಸಾಮಾನ್ಯವಾಗಿ ಸೊರಗುತ್ತದೆ; ಮುಂಗಾರು ಮಳೆಯೂ ಹಲವು ಸಲ ಕುಗ್ಗುತ್ತದೆ.

ನಂತರದ ಬೆಳವಣಿಗೆ: 1982ರಲ್ಲಿ ಮೆಕ್ಸಿಕೊದ ಎಲ್ ಚಿಚೋನ್ ಜ್ವಾಲಾಮುಖಿ ಉಗುಳಿದ ಕಣಗಳು ಉಪಗ್ರಹಗಳ ಕಣ್ಣು ಮರೆಸಿದ್ದರಿಂದ, ಆ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲೊಂದು ಬೆಳೆಯುತ್ತಿದ್ದರೂ ತಜ್ಞರಿಗೆ ತಡವಾಗಿ ತಿಳಿಯಿತು. ಈ ಪಾಠದ ನಂತರ, 1985-94ರ ಅಂತರರಾಷ್ಟ್ರೀಯ ಯೋಜನೆಯಲ್ಲಿ ಪೆಸಿಫಿಕ್ ಉದ್ದಕ್ಕೂ ಅಳತೆಯ ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸಲಾಯಿತು. 1997ರ ಎಲ್ ನಿನೊವನ್ನು ಅವು ಬೆಳೆಯುವಾಗಲೇ ಹಿಡಿದವು. ಆದರೂ ಆ ವರ್ಷ ಭಾರತದ ಮುಂಗಾರು ವಾಡಿಕೆಯಂತೆಯೇ ಸುರಿಯಿತು. ಹಿಂದೂ ಮಹಾಸಾಗರಕ್ಕೂ ತನ್ನದೇ ಬಿಸಿ-ತಂಪಿನ ಏರಿಳಿತವಿದೆಯೆಂದು 1999ರಲ್ಲಿ ಗುರುತಿಸಿದ ಮೇಲೆ, ವಾಕರ್ ಎತ್ತಿದ ಪ್ರಶ್ನೆಯ ಉತ್ತರವನ್ನು ಎರಡು ಸಾಗರಗಳಲ್ಲಿ ಹುಡುಕಲಾಗುತ್ತಿದೆ.