ಕುಂದಾಪುರದ ದಡದಿಂದ ಬಿದನೂರಿಗೆ

ಕುಂದಾಪುರದ ಅಳಿವೆಯ ಬಳಿ ನಿಂತಾಗಲೆಲ್ಲ ನನ್ನ ಮನಸ್ಸು 1783ರ ಜನವರಿಯತ್ತ ಹೊರಳುತ್ತದೆ. ಹೈದರಾಲಿ ತೀರಿಕೊಂಡು ತಿಂಗಳು ಕಳೆದಿತ್ತಷ್ಟೆ. ಟಿಪ್ಪುವಿನ ಸೈನ್ಯವನ್ನು ಆರ್ಕಾಟಿನ ಸೀಮೆಯಿಂದ ಹಿಂದೆ ಸೆಳೆಯಲೆಂದು ಮುಂಬಯಿಯ ಇಂಗ್ಲಿಷ್ ಸರ್ಕಾರವು ಜನರಲ್ ಮ್ಯಾಥ್ಯೂಸನನ್ನು ಕಡಲ ದಾರಿಯಲ್ಲಿ ಕಳುಹಿಸಿತು. ಹೊನ್ನಾವರವನ್ನು ಗೆದ್ದ ಪಡೆ ಇಲ್ಲಿ ದಡಕ್ಕಿಳಿದು, ಹೊಸಂಗಡಿಯ ಘಟ್ಟವನ್ನು ಕಾದಾಡುತ್ತಲೇ ಏರಿತು. ಮೇಲಿನ ಬಿದನೂರು, ಅಂದರೆ ಇಂದಿನ ನಗರ, ಯುದ್ಧವಿಲ್ಲದೆ ವಶವಾಯಿತು.

ಆ ಗೆಲುವು ಬಾಳಿದ್ದು ಮೂರೇ ತಿಂಗಳು. ಟಿಪ್ಪು ಬಿದನೂರನ್ನು ಮರಳಿ ಪಡೆದನು. ಶರಣಾದವರು ಸೆರೆ ಸೇರಿದರು. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತನು. ಚರಿತ್ರೆಯಲ್ಲಿ ಅವನ ಹೆಸರು ಉಳಿಯಿತು. ಆದರೆ ಘಟ್ಟವನ್ನು ಕಾಯ್ದವರು ಮಾತ್ರವಲ್ಲ, ಏರಿಬಂದ ಸಿಪಾಯಿಗಳೂ ಈ ದೇಶದ ಮಕ್ಕಳೇ. ಎರಡು ಕಡೆಯ ನೆತ್ತರೂ ನಮ್ಮದೆಂಬುದನ್ನು ನಾವು ಮರೆಯಬಾರದು.