ಮುಟ್ಟಿ ನೋಡುವ ಅವಕಾಶ: ಬೆಂಗಳೂರಿನ ಹೊರವಲಯದ ಆಟಿಕೆ ಅಂಗಡಿಗಳಲ್ಲಿ ಮಕ್ಕಳು, ಪೋಷಕರು, ಸಿಬ್ಬಂದಿ

ಆಟಿಕೆ ಅಂಗಡಿಯ ಸಿಬ್ಬಂದಿ ಮಕ್ಕಳೊಡನೆ ನಡೆದುಕೊಳ್ಳುವ ರೀತಿಯನ್ನು ನಾವು ಅವರವರ ಸ್ವಭಾವಕ್ಕೆ ಕಟ್ಟಿಬಿಡುತ್ತೇವೆ: ಒಬ್ಬರು ಸಿಡುಕು, ಇನ್ನೊಬ್ಬರು ನಗುಮೊಗ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ ಎರಡು ಆಟಿಕೆ ಮಳಿಗೆಗಳಲ್ಲಿ ತಾವೇ ಕೆಲಸಕ್ಕೆ ಸೇರಿ, ಆ ಅನುಭವದಿಂದ ಬರೆದ ‘ಇನ್‌ಸೈಡ್ ಟಾಯ್‌ಲ್ಯಾಂಡ್’ (2006) ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಯಾರಿಗೆ ಎಷ್ಟು ಸಹನೆ ಸಿಗುತ್ತದೆ ಎಂಬುದರಲ್ಲಿ ಗಿರಾಕಿಯ ವರ್ಗ, ಜನಾಂಗಗಳ ಜೊತೆಗೆ ಮಳಿಗೆಯ ಕೆಲಸದ ಏರ್ಪಾಡಿನ ಪಾಲೂ ಇದೆ ಎಂಬುದನ್ನು ಆ ಪುಸ್ತಕ ತೋರಿಸುತ್ತದೆ. ಪೀಣ್ಯ, ವೈಟ್‌ಫೀಲ್ಡ್‌ಗಳಿಗೆ ಇದೇ ನೋಟವನ್ನು ತಂದರೆ ಎಲ್ಲವೂ ಒಂದು ಸಣ್ಣ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮಗುವಿನ ಕೈಯಿಂದ ಆಟಿಕೆ ಬಿದ್ದು ಮುರಿದರೆ ನಷ್ಟ ಯಾರ ತಲೆಗೆ?

ಪೀಣ್ಯ, ಟಿ. ದಾಸರಹಳ್ಳಿಯ ಕಡೆ ಆಟದ ಸಾಮಾನಿಗೆಂದೇ ತೆರೆದ ಅಂಗಡಿ ಕಡಿಮೆ. ಬಳೆ, ಹೇರ್‌ಬ್ಯಾಂಡು, ಸ್ಕೂಲ್ ಬ್ಯಾಗುಗಳ ನಡುವೆ ಫ್ಯಾನ್ಸಿ ಸ್ಟೋರಿನಲ್ಲೇ ಅವೂ ಇರುತ್ತವೆ. ಬಾಗಿಲಿಗೆ ಬಲೆಚೀಲದಲ್ಲಿ ಚೆಂಡು, ಕೌಂಟರಿನ ಹಿಂದೆ ರಿಮೋಟ್ ಕಾರು. ಸಂಬಳವಾದ ವಾರದ ಭಾನುವಾರ ಸಂಜೆ ಗಾರ್ಮೆಂಟ್ಸ್ ಕೆಲಸದ ತಾಯಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದರೆ ಕೇಳಿಬರುವ ಮೊದಲ ಪ್ರಶ್ನೆ, “ಎಷ್ಟರೊಳಗೆ ತೋರಿಸ್ಲಿ ಅಕ್ಕಾ?” ಎರಡನೆಯ ಮಾತು ಮಗುವಿಗೆ: “ಮುಟ್ಬೇಡ ಪುಟ್ಟ.” ಒರಟು ಎನಿಸಬಹುದು. ಆದರೆ ಅದೇ ಮನುಷ್ಯ ಡಬ್ಬಿ ಬಿಚ್ಚಿ, ಗಲ್ಲಾದ ಪಕ್ಕದಿಂದ ಸೆಲ್ ತೆಗೆದು ಹಾಕಿ, ಕಾರನ್ನು ಕೌಂಟರಿನ ಮೇಲೆ ಓಡಿಸಿ ತೋರಿಸುತ್ತಾನೆ. ಓಡದಿದ್ದರೆ ಇನ್ನೊಂದು ಪೀಸು. ಮರುದಿನ ಚಕ್ರ ಕಳಚಿಕೊಂಡರೆ ಬಿಲ್ಲು ಕೇಳದೆ ಬದಲಾಯಿಸಿ ಕೊಡುವವರೂ ಉಂಟು, ಏಕೆಂದರೆ ಆ ಮನೆಯವರು ಅದೇ ಬೀದಿಯವರು. ಇಲ್ಲಿ ಮಾಲು ಮಾಲೀಕನದೇ, ಕೌಂಟರಿನ ಹಿಂದೆ ನಿಂತವನೂ ಸಾಮಾನ್ಯವಾಗಿ ಅವನೇ. “ಮುಟ್ಬೇಡ” ಎಂಬುದು ಸ್ವಂತ ಬಂಡವಾಳದ ಮಾತು.

ವೈಟ್‌ಫೀಲ್ಡ್‌ನ ಮಾಲ್‌ಗಳಲ್ಲಿ ಚಿತ್ರ ತಿರುವುಮುರುವು. ಕಪಾಟುಗಳು ಮಗುವಿನ ಎತ್ತರಕ್ಕೇ ಇವೆ, ಡೆಮೊ ಪೀಸು ಆಡುವುದಕ್ಕೆಂದೇ ಇಟ್ಟದ್ದು. ಲಂಡನ್ನಿನಲ್ಲಿ 1760ರಲ್ಲಿ ಶುರುವಾಗಿ 2019ರಲ್ಲಿ ರಿಲಯನ್ಸ್ ಕೈಸೇರಿದ ಹ್ಯಾಮ್ಲೀಸ್, ಸಿಬ್ಬಂದಿಯೇ ಆಡಿ ತೋರಿಸುವ ಈ ಪದ್ಧತಿಗೆ ಹೆಸರುವಾಸಿ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗುರುತಿಸಿದ ಭಾವಶ್ರಮ ಇಲ್ಲಿ ಕಣ್ಣಿಗೆ ಕಟ್ಟುತ್ತದೆ: ದಿನವಿಡೀ ನಿಂತ ಕಾಲಲ್ಲೇ ನಗುತ್ತಾ ಗುಳ್ಳೆ ಊದುವುದೂ ಕೆಲಸವೇ. ಆದರೆ ಸೀಲ್ ಆದ ಡಬ್ಬಿಗೆ ಮಗು ಕೈಹಾಕಿದ ಕೂಡಲೇ ನಗು ಬಿಗಿಯುತ್ತದೆ. ಹರಿದ ಡಬ್ಬಿ ಮಾರಾಟವಾಗುವುದಿಲ್ಲ, ಲೆಕ್ಕ ಕೊಡಬೇಕಾದವರು ಮಾಲೀಕರಲ್ಲ, ಆ ಸಾಲು ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿ. 2019ರ ವೇತನ ಸಂಹಿತೆಯ ಪ್ರಕಾರ, ನೌಕರರ ವಶಕ್ಕೆ ಒಪ್ಪಿಸಿದ ಮಾಲು ಅವರದೇ ಅಲಕ್ಷ್ಯದಿಂದ ಹಾಳಾಗಿದ್ದರೆ ಮಾತ್ರ ಸಂಬಳ ಹಿಡಿಯಬಹುದು. ಅದಕ್ಕೂ ಮುನ್ನ ವಿವರಣೆ ಕೊಡಲು ಅವಕಾಶ ಕೊಡಬೇಕು. ಗಿರಾಕಿಯ ಮಗು ಹರಿದದ್ದು ನೌಕರರ ಅಲಕ್ಷ್ಯವೇ? ಅಲ್ಲವೆಂದು ನನ್ನ ಅಭಿಪ್ರಾಯ. ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ ಎಂಬ ಭರವಸೆ ಅಂಗಡಿಯೊಳಗೆ ಇಲ್ಲದಿದ್ದಾಗ ಸಿಬ್ಬಂದಿ ಮಗುವಿನ ಜೊತೆಗಾರರಾಗದೆ ಕಾವಲುಗಾರರಾಗುತ್ತಾರೆ.

ಕಾವಲಿನ ಕಣ್ಣು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಮಗುವನ್ನು ಕರೆತಂದದ್ದು ಮನೆಗೆಲಸದ ಆಯಾ ಆಗಿದ್ದರೆ “ಮೇಡಂ ಎಲ್ಲಿ?” ಎಂಬ ಪ್ರಶ್ನೆ ಬರುತ್ತದೆ, ಮಗು ಯಾವುದನ್ನು ಎತ್ತಿಕೊಂಡರೂ ಅವಳ ಮುಖ ನೋಡಿ ಬೆಲೆ ಹೇಳಲಾಗುತ್ತದೆ. ಮಗುವಿನೊಡನೆ ಮಾತು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಶುರುವಾಗುವುದೂ ಸಾಮಾನ್ಯ, ಕನ್ನಡದ ತಂದೆತಾಯಿಯೂ ಅದಕ್ಕೇ ಹೊಂದಿಕೊಳ್ಳುತ್ತಾರೆ. ರಾಜ್ಯದ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಿಂದ ಕಡ್ಡಾಯವಾದ ಶೇ. 60ರಷ್ಟು ಕನ್ನಡ ನಾಮಫಲಕದಲ್ಲಿದೆ, ಬಾಗಿಲು ದಾಟಿ ಒಳಗೆ ಬಂದಿಲ್ಲ.

ಪೀಣ್ಯದ ಪಕ್ಕದಲ್ಲೇ, ತುಮಕೂರು ರಸ್ತೆಯ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ತೆರೆದ ಐಕಿಯಾ ಬೀದಿಯ ಅಂಗಡಿ, ಮಾಲ್‌ಗಳ ನಡುವಿನ ಗಡಿಯನ್ನು ಕಲಸಿದೆ. ಮೆಟ್ರೊ ಇಳಿದರೆ ಎದುರಿಗೇ ಇರುವ ಈ ಮಳಿಗೆಗೆ ಏನೂ ಕೊಳ್ಳದವರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬಟ್ಟೆಯ ಗೊಂಬೆಗಳನ್ನು ಬುಟ್ಟಿಯಲ್ಲಿ ಸುರಿದಿಟ್ಟಿರುವುದರಿಂದ ಬಿದ್ದರೆ ಒಡೆಯುವ ಭಯವಿಲ್ಲ, ಗದರಿಸುವ ಅಗತ್ಯವೂ ಇಲ್ಲ. ಇಲ್ಲಿನ ಸೌಜನ್ಯದಲ್ಲಿ ಅರ್ಧ ಪಾಲು ಹತ್ತಿಯದು.

ಸುರಕ್ಷತೆಯ ವಿಷಯದಲ್ಲಿ ಸಿಬ್ಬಂದಿಯ ಪಾತ್ರ ಇನ್ನೂ ದೊಡ್ಡದು. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಯಂಥ, ಭೌಗೋಳಿಕ ಸೂಚಿ ಪಡೆದ ಕರಕುಶಲ ವಸ್ತುಗಳನ್ನು ನೋಂದಾಯಿತ ಕುಶಲಕರ್ಮಿಗಳೇ ತಯಾರಿಸಿ ಮಾರಿದರೆ ವಿನಾಯಿತಿಯಿದೆ. ಮೂರು ವರ್ಷದೊಳಗಿನ ಕೂಸಿನ ಬಾಯಿಗೆ ಹೋಗಬಲ್ಲ ಸಣ್ಣ ಬಿಡಿಭಾಗಗಳ ಎಚ್ಚರಿಕೆ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿರುತ್ತದೆ. ಅದನ್ನು ಓದಲಾಗದ ತಾಯಿಗೆ ಓದಿ ಹೇಳಬಲ್ಲವರು ಕೌಂಟರಿನವರೇ. ಮಾಲ್‌ನ “ಎಷ್ಟು ವರ್ಷದ ಮಗು?” ಎಂಬ ಪ್ರಶ್ನೆ ಮಾರಾಟದ ಪಾಠವಾಗಿ ಕಲಿಸಿದ್ದಾದರೂ ಇಲ್ಲಿ ಕೆಲಸಕ್ಕೆ ಬರುತ್ತದೆ, “ಎಷ್ಟರೊಳಗೆ?” ಬರುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳ ಕೆಳಗಿನ ಅಂಗಡಿಗಳು ಬೇರೆಯದೇ ದಾರಿ ಹಿಡಿದಿವೆ. ಅವುಗಳಿಗೆ ಮುಖ್ಯ ವ್ಯಾಪಾರ ಹುಟ್ಟುಹಬ್ಬದ ರಿಟರ್ನ್ ಗಿಫ್ಟು. ವಾಟ್ಸ್ಯಾಪಿನಲ್ಲಿ ಫೋಟೊ ಬರುತ್ತದೆ; ಎಷ್ಟು ಮಕ್ಕಳು, ತಲೆಗೆ ಎಷ್ಟು ರೂಪಾಯಿ ಎಂಬಷ್ಟರಲ್ಲೇ ಮಾತು ಮುಗಿದು ಪ್ಯಾಕಿಂಗ್ ಶುರುವಾಗುತ್ತದೆ. ಆ ವ್ಯವಹಾರದಲ್ಲಿ ಮಗು ಅಂಗಡಿಯ ಮೆಟ್ಟಿಲನ್ನೇ ಹತ್ತಿರುವುದಿಲ್ಲ.