ಚಿಕ್ಕ ಕಾರು ಮತ್ತು ಕಾನೂನಿನ ಗೋಡೆ: ರೇವಾ ಬಿಟ್ಟುಹೋದ ಪ್ರಶ್ನೆ

ಕಾಟಿಪಳ್ಳದಿಂದ ಸುರತ್ಕಲ್‌ಗೆ ಬಂದು ರಾಷ್ಟ್ರೀಯ ಹೆದ್ದಾರಿ 66 ಸೇರುವ ಯಾರಿಗೂ ಟ್ಯಾಂಕರುಗಳ ಸಾಲು ಹೊಸದಲ್ಲ. ಒಂದು ಕಡೆ ಎಂ.ಆರ್.ಪಿ.ಎಲ್., ಇನ್ನೊಂದು ಕಡೆ ಪಣಂಬೂರಿನ ಬಂದರು. ಆ ಬಂದರಿಗಾಗಿ ಮನೆ, ಜಮೀನು ಬಿಟ್ಟುಕೊಟ್ಟವರ ಪುನರ್ವಸತಿಯಿಂದ ಬೆಳೆದ ಊರು ನಮ್ಮದು. ಇಲ್ಲಿನ ಮನೆಗಳಿಗೆ ಬರುವ ಮೊದಲ ನಾಲ್ಕು ಚಕ್ರದ ವಾಹನ ಹೆಚ್ಚಾಗಿ ಒಂದು ಸಣ್ಣ ಕಾರು, ಎಷ್ಟೋ ಸಲ ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಮೈಲೇಜ್ ಎಷ್ಟು, ಮುಂದೆ ಮಾರಿದರೆ ಎಷ್ಟು ಬಂದೀತು ಎಂದು ಕೇಳುತ್ತೇವೆ. ಗುದ್ದಿದರೆ ಒಳಗಿದ್ದವರಿಗೆ ಏನಾಗುತ್ತದೆ ಎಂಬ ಪ್ರಶ್ನೆ ತೀರ ಇತ್ತೀಚಿನದು. ಆ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪನಿ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಕಟ್ಟಿದವು. ಚೇತನ್ ಮೈನಿ ಅದರ ಮುಂದಾಳು. 2001ರಲ್ಲಿ ರೇವಾ ರಸ್ತೆಗಿಳಿಯಿತು. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ, ಎರಡು ಬಾಗಿಲು, ಸುಮಾರು 2.6 ಮೀಟರ್ ಉದ್ದ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದಾದ ವಾಹನ. 2003ರಲ್ಲಿ ಲಂಡನ್ ನಗರ ತನ್ನ ಮಧ್ಯಭಾಗಕ್ಕೆ ಬರುವ ವಾಹನಗಳ ಮೇಲೆ ದಟ್ಟಣೆ ಶುಲ್ಕ ಹಾಕಿ, ವಿದ್ಯುತ್ ವಾಹನಗಳಿಗೆ ವಿನಾಯಿತಿ ಕೊಟ್ಟಿತು. ಮರುವರ್ಷ ಅಲ್ಲಿಗೆ ಹೋದ ರೇವಾ 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟವಾಯಿತು.

ಹೆಸರಿನ ಜೊತೆಗೆ ಅದರ ಜಾತಿಯೂ ಬದಲಾಗಿತ್ತು. ಯೂರೋಪಿನ ಕಾನೂನಿನಲ್ಲಿ ಬ್ಯಾಟರಿಯ ಭಾರ ಬಿಟ್ಟು 400 ಕಿಲೋ ಒಳಗಿರುವ, ಕಡಿಮೆ ಶಕ್ತಿಯ ವಾಹನಕ್ಕೆ 'ಕ್ವಾಡ್ರಿಸೈಕಲ್' ಎಂಬ ಬೇರೆಯೇ ವರ್ಗವಿತ್ತು. ಜಿ-ವಿಜ್ ಆ ವರ್ಗಕ್ಕೆ ಸೇರಿತು. ಕಾರುಗಳಿಗೆ ಕಡ್ಡಾಯವಾಗಿದ್ದ ಡಿಕ್ಕಿ ಪರೀಕ್ಷೆ ಈ ವರ್ಗಕ್ಕೆ ಇರಲಿಲ್ಲ. 2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಇದನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ ನೋಡಿತು. ಒಳಗಿನವರಿಗೆ ಜೀವಕ್ಕೇ ಅಪಾಯವಾಗುವಂಥ ಪೆಟ್ಟು ಬೀಳುತ್ತದೆ ಎಂಬುದು ಫಲಿತಾಂಶ. ಅಲ್ಲಿನ ಸಾರಿಗೆ ಇಲಾಖೆಯೂ ಪ್ರತ್ಯೇಕ ಪರೀಕ್ಷೆ ಮಾಡಿಸಿ ಕಳವಳ ವ್ಯಕ್ತಪಡಿಸಿತು. ಇದು ನಗರದ ನಿಧಾನ ಸಂಚಾರಕ್ಕೆ ಮಾಡಿದ ವಾಹನ, ಕಾನೂನಿನ ಪ್ರಕಾರ ಕಾರೇ ಅಲ್ಲ ಎಂಬುದು ಅದರ ಪರ ಇದ್ದವರ ವಾದ. ವಾದದಲ್ಲಿ ಸುಳ್ಳಿರಲಿಲ್ಲ. ಆದರೆ ಎದುರಿನಿಂದ ಬರುವ ವಾಹನ ವರ್ಗ ನೋಡಿಕೊಂಡು ಗುದ್ದುವುದಿಲ್ಲ. 2010ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಅಪಘಾತದಲ್ಲಿ ಜಿ-ವಿಜ್ ಓಡಿಸುತ್ತಿದ್ದ ಮಹಿಳೆ ತೀರಿಕೊಂಡರು. ಅದೇ ವರ್ಷ ಮಹೀಂದ್ರ ಕಂಪನಿ ರೇವಾದ ಬಹುಪಾಲನ್ನು ಕೊಂಡಿತು.

64 ಕಿ.ಮೀ. ಎಂದರೆ ಹೆದ್ದಾರಿಯಲ್ಲಿ ದೊಡ್ಡ ವೇಗವಲ್ಲ ಅನ್ನಿಸಬಹುದು. ಲೆಕ್ಕ ಹಾಕಿದರೆ ಅದು ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದು ಮಹಡಿಯ ಮೇಲಿಂದ, ಬಿದ್ದು ನೆಲ ಮುಟ್ಟುವಾಗಿನ ವೇಗ. ಆ ಶಕ್ತಿಯನ್ನು ಕಾರಿನ ಮೂತಿ ಮುದುಡಿ ನುಂಗಬೇಕು. ಮನುಷ್ಯರು ಕೂತ ಕೋಣೆ ಮುದುಡಬಾರದು. ಯೂರೋ ಎನ್‌ಕ್ಯಾಪ್ 1997ರಲ್ಲಿ ಇಂಥ ಪರೀಕ್ಷೆಯ ಮೊದಲ ಫಲಿತಾಂಶ ಪ್ರಕಟಿಸಿದಾಗ ನಾಲ್ಕು ನಕ್ಷತ್ರ ಪಡೆಯುವುದು ಸಾಧ್ಯವೇ ಇಲ್ಲ ಎಂದು ತಯಾರಕರು ದೂರಿದರು. ಅದೇ ವರ್ಷ ವೋಲ್ವೋ ಎಸ್40 ನಾಲ್ಕು ನಕ್ಷತ್ರ ಪಡೆಯಿತು.

ಭಾರತದ ಸರದಿ ಬಂದದ್ದು 2014ರ ಜನವರಿಯಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೋ 800, ನ್ಯಾನೋ, ಐ10, ಫಿಗೋ, ಪೋಲೋ ಈ ಐದು ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಇದೇ ವೇಗದಲ್ಲಿ ಗುದ್ದಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಆದರೆ ಎಲ್ಲ ಸೊನ್ನೆಗಳೂ ಒಂದೇ ಅಲ್ಲ. ಫಿಗೋ ಮತ್ತು ಪೋಲೋದಲ್ಲಿ ಜನ ಕೂರುವ ಕೋಣೆ ಗಟ್ಟಿಯಾಗಿ ನಿಂತಿತ್ತು. ಎರಡು ಏರ್‌ಬ್ಯಾಗ್ ಹಾಕಿದ ಪೋಲೋಗೆ ನಾಲ್ಕು ನಕ್ಷತ್ರ ಬಂತು. ಉಳಿದ ಮೂರರಲ್ಲಿ ಚೌಕಟ್ಟೇ ಕುಸಿದಿದ್ದರಿಂದ ಬರೀ ಏರ್‌ಬ್ಯಾಗ್ ಹಾಕಿದರೆ ಪ್ರಯೋಜನ ಕಡಿಮೆ ಎಂದು ಸಂಸ್ಥೆ ಹೇಳಿತು. ಒಂದು ಲಕ್ಷ ರೂಪಾಯಿಯ ಕಾರು ಎಂದು 2008ರಲ್ಲಿ ದೇಶವೇ ಸಂಭ್ರಮಿಸಿದ ನ್ಯಾನೋ ಆ ಮೂರರಲ್ಲಿ ಒಂದು. ಸ್ಕೂಟರಿನಲ್ಲಿ ನಾಲ್ವರು ಹೋಗುವುದಕ್ಕಿಂತ ಅದು ಮೇಲು ಎಂಬ ಮಾತಿನಲ್ಲಿ ನಿಜವಿತ್ತು. ಬಡವರ ಸುರಕ್ಷತೆಗೆ ಅಷ್ಟೇ ಸಾಕು ಎಂಬ ಒಪ್ಪಂದವೂ ಅದರೊಳಗೆ ಅಡಗಿತ್ತು.

ಕಾನೂನು ಆಮೇಲೆ ಬಂತು. 56 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆ 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರಿನಿಂದ ಎಲ್ಲ ಮಾದರಿಗಳಿಗೆ ಕಡ್ಡಾಯವಾಯಿತು. 64ಕ್ಕೆ ಹೋಲಿಸಿದರೆ 8 ಕಿ.ಮೀ. ಮಾತ್ರ ಕಡಿಮೆ ಎನಿಸುತ್ತದೆ; ಆದರೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 64ರಲ್ಲಿ ಅದು ಸುಮಾರು 30 ಶೇಕಡಾ ಹೆಚ್ಚು. ಚಾಲಕನ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯವಾಯಿತು. 2023ರ ಅಕ್ಟೋಬರಿನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ಅದು 64ರ ವೇಗದ್ದೇ, ಆದರೆ ಕಂಪನಿಯ ಇಚ್ಛೆಗೆ ಬಿಟ್ಟದ್ದು.

ನಕ್ಷತ್ರಗಳಿಗೂ ಮಿತಿಯಿದೆ. ತಡೆಗೋಡೆಯ ಈ ಪರೀಕ್ಷೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ ಇನ್ನೊಂದು ಕಾರು ಎದುರಾದಂತೆ. ತುಂಬಿದ ಟ್ಯಾಂಕರ್ ಎದುರಾದಾಗ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಉತ್ತರ ಇರುವುದು ಕಾರಿನಲ್ಲಿ ಅಲ್ಲ. ರಸ್ತೆಯ ವಿಭಜಕದಲ್ಲಿ, ಬೆಳಕಿನಲ್ಲಿ, ವೇಗದ ನಿಯಂತ್ರಣದಲ್ಲಿ.

ನಮ್ಮ ಊರಿನ ಅಂಗಳಗಳಲ್ಲಿ ನಿಂತಿರುವ ಎಷ್ಟೋ ಸಣ್ಣ ಕಾರುಗಳು 2019ಕ್ಕಿಂತ ಹಿಂದಿನವು. ಹೊಸದಾಗಿ ಬರುವ ಕಾನೂನು ಅವುಗಳ ಚೌಕಟ್ಟನ್ನು ಬದಲಿಸುವುದಿಲ್ಲ. ಹಾಗಾಗಿ ಹಳೆಯ ಕಾರು ಕೊಳ್ಳುವವರು ಮೈಲೇಜಿನ ಜೊತೆಗೆ ಯಾವ ವರ್ಷದ್ದು, ಯಾವ ಮಾದರಿಯದ್ದು, ಏರ್‌ಬ್ಯಾಗ್ ಇದೆಯೇ ಎಂದೂ ಕೇಳಬೇಕು. ರೇವಾ ವಿಚಾರದಲ್ಲಿ 2007ರಲ್ಲಿ ಎದ್ದ ಪ್ರಶ್ನೆಯೇ ಇದು: ಈ ವಾಹನಕ್ಕೆ ಏನೆಂದು ಹೆಸರು ಎನ್ನುವುದಕ್ಕಿಂತ ಮೊದಲು, ಇದರೊಳಗೆ ಕೂರುವವರು ಯಾರು?